ಅಳಿಸುವಾಗ ಬೇಡವಾಗಿದ್ದ ಸಹಿ

ನಗರಸಭೆಯ ಗಣಕ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ, ಸದಾ ಸಭೆಯಲ್ಲೇ ಇರುವವರೇ,

ನಿಮ್ಮ ಕಚೇರಿ ಕೆಲಸಕ್ಕಿಟ್ಟುಕೊಂಡಿರುವ ಕೃತಕ ಬುದ್ಧಿಮತ್ತೆಯ ಸಹಾಯಕ ನನ್ನ ಅತ್ತೆಯ ಧ್ವನಿಯನ್ನು ಅಳಿಸಿಹಾಕಿದೆ. ಅದನ್ನು ಮರಳಿ ತರುವುದಕ್ಕೆ ನಿಮ್ಮದೊಂದು ಸಹಿ ಸಾಕು. ಶುಕ್ರವಾರ ಸಂಜೆಯೊಳಗೆ ಆ ಸಹಿ ಬೀಳದಿದ್ದರೆ, ಆಮೇಲೆ ನೀವು ಎರಡೂ ಕೈಯಿಂದ ಸಹಿ ಹಾಕಿದರೂ ಪ್ರಯೋಜನವಿಲ್ಲ. ನಿಮ್ಮನ್ನು ಕಾಣಲು ಬಂದೆ, ಸಭೆಯಲ್ಲಿದ್ದಿರಿ. ಫೋನ್ ಮಾಡಿದೆ, ಸಭೆಯಲ್ಲಿದ್ದಿರಿ. ಸಭೆ ಯಾವಾಗ ಮುಗಿಯುತ್ತದೆ ಎಂದು ಕೇಳಿದೆ, ಅದನ್ನು ತೀರ್ಮಾನಿಸಲು ಇನ್ನೊಂದು ಸಭೆ ಇದೆಯೆಂದರು. ಒಂದೇ ಒಂದು ಸಲ ಕಾರಿಡಾರಿನಲ್ಲಿ ಸಿಕ್ಕಿದಿರಿ. ಆ ಕತೆಗೆ ಆಮೇಲೆ ಬರುತ್ತೇನೆ. ಸಭೆಯ ನಡುವೆ ಪತ್ರಿಕೆಯನ್ನಾದರೂ ಓದುತ್ತೀರೆಂಬ ನಂಬಿಕೆಯಿಂದ ಇದನ್ನು ಹೀಗೆ ಹತ್ತು ಜನರೆದುರು ಬರೆಯುತ್ತಿದ್ದೇನೆ.

ಮೊದಲು ನಾವು ಯಾರೆಂದು ಹೇಳಿಬಿಡುತ್ತೇನೆ. ನಾನು ಬಸ್ ನಿಲ್ದಾಣದ ಎದುರಿನ ವಸತಿಗೃಹವೊಂದರಲ್ಲಿ ಸ್ವಾಗತದ ಮೇಜು ನೋಡಿಕೊಳ್ಳುವವಳು. ಕೋಣೆಗಳ ಕೀ ಕೊಡುವುದು, ವಾಪಸು ಪಡೆಯುವುದು, ಜೇಬಿನಲ್ಲಿಟ್ಟುಕೊಂಡು ಬಸ್ ಹತ್ತಿದವರ ಹಿಂದೆ ಓಡುವುದು ನನ್ನ ಉದ್ಯೋಗ. ನನ್ನ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿಯ ಮರುವಾರವೇ ಅವರಿಗೆ ಮನೆ ಬೇಜಾರಾಯಿತು, ಮನೆಯಲ್ಲಿದ್ದ ನಮಗೆ ಅದು ಅದಕ್ಕೂ ಮೊದಲೇ ಗೊತ್ತಾಯಿತು. ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಕೆಲಸವನ್ನು ಹಚ್ಚಿಕೊಂಡರು. ನಿಮ್ಮದೇ ನಗರಸಭೆಯ ಗ್ರಂಥಾಲಯದ ಹಿಂಬದಿಯ ಪುಟ್ಟ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಹೊದಿಸಿ, ಸದ್ದಾಗುತ್ತದೆಂದು ಫ್ಯಾನನ್ನೂ ಆರಿಸಿ, ಕತ್ತಿನ ಬೆವರು ಒರೆಸಿಕೊಳ್ಳುತ್ತ ಓದುತ್ತಿದ್ದರು. ಓದಿದ್ದು ನೇರವಾಗಿ ನಿಮ್ಮ ವಿಭಾಗದ ಸರ್ವರ್‌ಗೆ ಹೋಗಿ ಅವರ ಜಾಲತಾಣದಲ್ಲಿ ಕೂರುತ್ತಿತ್ತು. ಊರಿನ ಸಣ್ಣಪುಟ್ಟ ಸಂಘಗಳಿಗೆಲ್ಲ ನಿಮ್ಮ ವಿಭಾಗ ಹೀಗೆ ಪುಕ್ಕಟೆ ಜಾಗ ಕೊಡುತ್ತದೆ. ಅದು ಒಳ್ಳೆಯ ಕೆಲಸ, ಅದನ್ನು ನಾನು ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ.

ಅತ್ತೆ ಓದುವ ರೀತಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಕಳೆದದ್ದೇನೆಂದು ನಿಮಗೆ ತಿಳಿಯುವುದಿಲ್ಲ. ಪುಸ್ತಕದಲ್ಲಿ ಹೃದಯದ ಚಿತ್ರ ಬಂತೆನ್ನಿ. ಬೇರೆಯವರಾದರೆ "ಚಿತ್ರ ನೋಡಿ" ಎಂದು ಓದಿ ಮುಂದೆ ಹೋಗುತ್ತಾರೆ. ಅತ್ತೆ ನಿಲ್ಲುತ್ತಾರೆ. "ಇಲ್ಲೊಂದು ಚಿತ್ರ ಇದೆ ಮಕ್ಕಳೇ, ನಮಗದು ಬೇಡ. ಎಲ್ರೂ ಮುಷ್ಟಿ ಕಟ್ಟಿ. ಕಟ್ಟಿದ್ರಾ? ನಿಮ್ಮ ಹೃದಯ ಅಷ್ಟೇ ಇರೋದು. ಈಗ ಹೆಬ್ಬೆರಳು ಇರೋ ಕಡೆಯಿಂದ ಶುರು ಮಾಡೋಣ." ಹೀಗೆ ಮುಷ್ಟಿಯ ಮೇಲೇ ನಾಲ್ಕು ಕೋಣೆಗಳನ್ನೂ ತೋರಿಸಿಬಿಡುತ್ತಾರೆ. ನಡುವೆ ನೀರು ಕುಡಿದ ಸದ್ದು ಬರುತ್ತದೆ. "ಯಾರೋ ಆಕಳಿಸಿದ್ರಿ, ಗೊತ್ತಾಯ್ತು ನಂಗೆ" ಎಂದು ಗದರುತ್ತಾರೆ. ಕೇಳುತ್ತಿರುವ ಮಗು ಆ ಕ್ಷಣದಲ್ಲಿ ನಿಜವಾಗಿಯೂ ಆಕಳಿಸುತ್ತಿರುತ್ತದಂತೆ. ಎಲ್ಲಿ ನಿದ್ದೆ ಬರುತ್ತದೆಂದು ಮೂವತ್ತು ವರ್ಷ ಕಲಿಸಿದವರಿಗೆ ಗೊತ್ತಿರುವುದಿಲ್ಲವೇ?

ಕಳೆದ ವರ್ಷ ಅತ್ತೆಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಈಗ ಅವರು ಮಾತಾಡಿದರೆ ಕಾಗದ ಉಜ್ಜಿದಂಥ ಪಿಸುಗುಟ್ಟುವಿಕೆ ಅಷ್ಟೇ. ಆದರೂ ಅವರೇನೂ ಕೊರಗಲಿಲ್ಲ. "ನನ್ನ ಧ್ವನಿ ಸರ್ವರ್‌ನಲ್ಲಿ ಭದ್ರವಾಗಿದೆ, ಬಿಡು. ನಗರಸಭೆಯವರು ಕಾಯ್ತಾ ಇದ್ದಾರೆ" ಎಂದು ಪಿಸುಗುಟ್ಟಿ ನಕ್ಕಿದ್ದರು. ನಿಮ್ಮ ಮೇಲೆ ಅವರಿಗಿದ್ದ ನಂಬಿಕೆ ಆ ಮಟ್ಟದ್ದು.

ಈಗ ನಿಮ್ಮ ಸಹಾಯಕನ ವಿಷಯಕ್ಕೆ ಬರೋಣ. ಸರ್ವರ್ ನಿರ್ವಹಣೆಯ ಉಪಕರಣಗಳಿಗೆ ಕೃತಕ ಬುದ್ಧಿಮತ್ತೆಯನ್ನು ಜೋಡಿಸಿದ ಮೊಟ್ಟಮೊದಲ ನಗರಸಭೆ ನಮ್ಮದೆಂದು ಹೂಗುಚ್ಛ ಹಿಡಿದ ನಿಮ್ಮ ಭಾವಚಿತ್ರವನ್ನು ನಾನೂ ನೋಡಿದೆ. ಮಾಮೂಲಿ ಮಾತಿನಲ್ಲಿ ಹೇಳಿದರೆ ಸಾಕಂತೆ, ಅದು ಜಾಲತಾಣ ತೆರೆಯುತ್ತದೆ, ಮುಚ್ಚುತ್ತದೆ, ಇಮೇಲ್ ಪೆಟ್ಟಿಗೆ ಮಾಡಿಕೊಡುತ್ತದೆ, ಜಾಗ ತುಂಬಿದರೆ ಕಸ ಗುಡಿಸುತ್ತದೆ. ಸಂತೋಷ. ಆದರೆ ಹೊಸದಾಗಿ ಸೇರಿದ ಯಾರಿಗಾದರೂ ಮೊದಲ ದಿನವೇ ಮುಖ್ಯಾಧಿಕಾರಿಯ ಕೀಗೊಂಚಲನ್ನೇ ಕೈಗಿಟ್ಟು "ಎಲ್ಲಾ ನೋಡ್ಕೋಪ್ಪಾ" ಎಂದು ಸಭೆಗೆ ಹೋಗುವ ಪದ್ಧತಿ ನಿಮ್ಮಲ್ಲಿ ಮೊದಲಿನಿಂದಲೂ ಇತ್ತೇ, ಅಥವಾ ಈ ಸಹಾಯಕನಿಗೆ ಮಾತ್ರ ತೋರಿದ ಅಕ್ಕರೆಯೇ? ಹೊಸ ಗುಮಾಸ್ತೆಗೆ ಬಚ್ಚಲಿನ ಕೀ ಕೊಡಲೂ ಅರ್ಜಿ ಬರೆಸಿಕೊಳ್ಳುವ ಕಚೇರಿ ನಿಮ್ಮದು. ಹಾಗಾಗಿ ಕೇಳಿದೆ.

ಇನ್ನು ನಿಮ್ಮ ಕಚೇರಿಯ ಒಂದು ಸಂಪ್ರದಾಯವಿದೆ. ಊರಿನವರಿಗೆಲ್ಲ ಗೊತ್ತು, ಆ ಪಾಪದ ಸಹಾಯಕನಿಗೆ ಮಾತ್ರ ಯಾರೂ ಹೇಳಲಿಲ್ಲ. ನಿಯಮದ ಪ್ರಕಾರ ಹೊಸ ಜಾಲತಾಣವನ್ನು ಮೊದಲು 'ಪ್ರಯೋಗ ವಿಭಾಗ'ದಲ್ಲಿ ಇಡಬೇಕು, ಎಲ್ಲ ಸರಿಯಿದೆ ಎಂದಾದ ಮೇಲೆ 'ಶಾಶ್ವತ ವಿಭಾಗ'ಕ್ಕೆ ಸಾಗಿಸಬೇಕು. ಸಾಗಿಸಬೇಕಾದವರು ಯಾರೆಂದು ನಿಯಮ ಬರೆದವರು ಬರೆಯಲಿಲ್ಲ. ಹೀಗಾಗಿ ಯಾರೂ ಯಾವತ್ತೂ ಏನನ್ನೂ ಸಾಗಿಸಲಿಲ್ಲ. ರಕ್ತದಾನಿಗಳ ಕೂಟ, ಈಜು ಸಂಘ, ಹೊಲಿಗೆಯವರ ಒಕ್ಕೂಟ, ಅತ್ತೆಯ ಪಾಠಗಳು, ಎಲ್ಲ ಸೇರಿ ಅರ್ಧ ಊರೇ ಪ್ರಯೋಗ ವಿಭಾಗದಲ್ಲಿ ಸಂಸಾರ ಹೂಡಿತ್ತು. ಶಾಶ್ವತ ವಿಭಾಗದಲ್ಲಿ ಇದ್ದದ್ದು ಒಂದೇ ಜಾಲತಾಣ, ಅದು ಹಿಂದಿನ ನಗರಸಭಾಧ್ಯಕ್ಷರ ಸ್ವಾಗತ ಭಾಷಣದ್ದು. ಅವರೂ ಈಗ ಇಲ್ಲ.

ಅಲ್ಲಿಂದ ಮುಂದಿನದನ್ನು ನನಗೆ ಹೇಳಿದವರು ಸರ್ವರ್ ಕೋಣೆಯ ನಿಮ್ಮ ತಾಂತ್ರಿಕರು. ಆ ಕೋಣೆಯ ಚಳಿಗೆ ವರ್ಷಪೂರ್ತಿ ಸ್ವೆಟರ್ ಹಾಕಿರುವುದರಿಂದ ಊರಲ್ಲಿ ಅವರಿಗೆ ಸ್ವೆಟರಣ್ಣ ಎಂದೇ ಹೆಸರು. ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಜಾಲತಾಣ ಕಾಣೆಯಾದ ದಿನ ನಾನು ಅವರ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದೆ, ಅವರಿಗೆ ಊಟಕ್ಕೆ ಹೋಗಲು ಬೇರೆ ದಾರಿ ಇರಲಿಲ್ಲ.

"ಜಾಗ ತುಂಬ್ತಾ ಬಂದಿತ್ತು ಅಕ್ಕಾ. ಪ್ರಯೋಗಕ್ಕೆ ಅಂತ ಇಟ್ಟಿದ್ದನ್ನೆಲ್ಲ ಕ್ಲೀನ್ ಮಾಡು ಅಂತ ಸಾಹೇಬ್ರು ಅದಕ್ಕೆ ಹೇಳಿದ್ರು. ಅದು ಮಾಡ್ತು."

"ಜನ ದಿನಾ ಬಂದು ಕೇಳೋ ತಾಣ ಅಂತ ಅದಕ್ಕೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತಲ್ಲ, ಅದೇ ತಮಾಷೆ. ಇವುಗಳಲ್ಲಿ ಕೆಲವಕ್ಕೆ ಈಗ್ಲೂ ಜನ ಬರ್ತಾ ಇರೋ ಹಾಗಿದೆ, ಅಳಿಸೋ ಮುಂಚೆ ಒಂದ್ಸಲ ನೋಡ್ತೀರಾ ಅಂತ ಅದು ಕೇಳಿದೆ."

"ಅದಕ್ಕೆ ಯಾರು ಏನು ಹೇಳಿದ್ರು?"

ಸ್ವೆಟರಣ್ಣ ಸ್ವೆಟರಿನ ತೋಳನ್ನು ಎಳೆದುಕೊಂಡರು. "ಯಾರೂ ಹೇಳ್ಲಿಲ್ಲ. ಕೇಳಿದ್ದಕ್ಕೆಲ್ಲ 'ಹೌದು' ಅಂತ ತಾನೇ ಉತ್ತರ ಹೋಗೋ ಹಾಗೆ ಮಾಡಿಟ್ಟಿದ್ರು."

"ಹೋಗ್ಲಿ, ನಕಲು ಪ್ರತಿ ಇಟ್ಟಿರ್ತೀರಲ್ಲ?"

"ಇಟ್ಟಿದ್ದೆ ಅಕ್ಕಾ. ಅದೂ ಪ್ರಯೋಗ ವಿಭಾಗದಲ್ಲೇ ಇತ್ತು."

ನಗಬೇಕೋ ಅಳಬೇಕೋ ತಿಳಿಯದೆ ನಾನು ಎದ್ದು ಕುರ್ಚಿ ಮಡಚಿಕೊಂಡೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಆ ಗಾದೆಯನ್ನು ಇಷ್ಟು ದಿನ ಮನುಷ್ಯರಿಗೆ ಹೇಳುತ್ತಿದ್ದೆವು. ನೀವು ಅದನ್ನೂ ಯಂತ್ರಕ್ಕೆ ವಹಿಸಿದಿರಿ. ಎತ್ತು ಈಯಿತೇ ಎಂದು ಅನುಮಾನಪಟ್ಟು ಕೇಳಿದ್ದು ನಿಮ್ಮ ಸಹಾಯಕ. ಕೊಟ್ಟಿಗೆಯಲ್ಲಿ ಕಟ್ಟು ಎಂದದ್ದು ನೀವು ಬಿಟ್ಟುಹೋದ 'ಹೌದು'.

ಆಮೇಲೆ ನೀವು ಕಾರಿಡಾರಿನಲ್ಲಿ ಸಿಕ್ಕಿದಿರಿ. ಒಂದು ಸಭೆಯಿಂದ ಇನ್ನೊಂದಕ್ಕೆ ನಡೆಯುತ್ತಿದ್ದಿರಿ, ಕೈಯಲ್ಲಿ ಅರ್ಧ ಕುಡಿದ ಕಾಫಿಯ ಲೋಟವಿತ್ತು. ನಾನು ವಿಷಯ ಹೇಳಿದೆ. ನೀವು ಸೌಜನ್ಯದಿಂದಲೇ ಕೇಳಿಸಿಕೊಂಡಿರಿ, ಅದನ್ನು ಒಪ್ಪುತ್ತೇನೆ.

"ನೋಡಿ ಮೇಡಂ, ಅದು ಎಲ್ಲದಕ್ಕೂ ಕೇಳ್ತಿತ್ತು. ಇದು ಮಾಡ್ಲಾ, ಅದು ಮಾಡ್ಲಾ ಅಂತ. ಮೀಟಿಂಗ್ ಮಧ್ಯೆನೂ ಫೋನ್ ಟಿಂಗ್ ಟಿಂಗ್ ಅಂತಿತ್ತು. ಎಷ್ಟು ಅಂತ ನೋಡೋದು? ಇನ್ಮೇಲೆ ಕೇಳೋದೇ ಬೇಡ ಅಂತ ಮಾಡಿಬಿಟ್ಟೆ."

"ಅಳಿಸೋದಕ್ಕಾದ್ರೂ ಕೇಳು ಅನ್ಬಹುದಿತ್ತಲ್ಲ ಸರ್?"

"ಮುಂದೆ ನೋಡೋಣ. ಅಂದ ಹಾಗೆ ನಿಮ್ಮ ಹತ್ರ ಒಂದು ಕಾಪಿ ಇಟ್ಕೋಬೇಕಿತ್ತಲ್ವಾ?"

ಲಾಂಡ್ರಿಗೆ ಕೊಟ್ಟ ಕೋಟು ಕಳೆದುಹೋದಾಗ "ಅಂಥದ್ದೇ ಇನ್ನೊಂದು ಮನೇಲಿ ಇಟ್ಕೋಬೇಕಿತ್ತಲ್ವಾ" ಎನ್ನುವ ಅಂಗಡಿಯವನನ್ನು ನಾನು ಈವರೆಗೆ ಕಂಡಿರಲಿಲ್ಲ. ಆಮೇಲೆ ನೀವೇ ಸಮಾಧಾನವನ್ನೂ ಹೇಳಿದಿರಿ. "ಚಿಂತೆ ಮಾಡ್ಬೇಡಿ, ಆ ಪುಸ್ತಕಗಳನ್ನ ಇದೇ ಸಹಾಯಕ ಓದಿಬಿಡುತ್ತೆ, ಅರ್ಧ ದಿನದ ಕೆಲಸ." ಓದಲಿ ಸ್ವಾಮೀ, ಧಾರಾಳವಾಗಿ ಓದಲಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ಬೀಸಿದ ಮೇಲೆ "ಮಡಕೆ ತಾನೇ, ಪ್ಲಾಸ್ಟಿಕ್ಕಿನದು ತರಿಸಿಕೊಡ್ತೀನಿ" ಎಂದರೆ ಕುಂಬಾರನಿಗೆ ಹೇಗಾದೀತು ಎಂದಷ್ಟೇ ನನ್ನ ಪ್ರಶ್ನೆ.

ನನ್ನನ್ನು ಯಂತ್ರದ್ವೇಷಿ ಎಂದುಕೊಳ್ಳಬೇಡಿ. ನಮ್ಮ ವಸತಿಗೃಹದಲ್ಲೂ ಇಂಥದೇ ಒಂದು ಸಹಾಯಕ ಇದೆ. ಕೋಣೆ ಕಾದಿರಿಸುವವರ ಪತ್ರಗಳಿಗೆ ಅದೇ ಉತ್ತರಿಸುತ್ತದೆ, ನನಗಿಂತ ವಿನಯವಾಗಿ ಉತ್ತರಿಸುತ್ತದೆ. ಆದರೆ ಅದಕ್ಕೆ ಕೊಟ್ಟಿರುವುದು ಅದರದ್ದೇ ಒಂದು ಸಣ್ಣ ಕೀ, ನನ್ನದಲ್ಲ, ಮಾಲೀಕರದಂತೂ ಅಲ್ಲವೇ ಅಲ್ಲ. ಯಾವ ಕೋಣೆ ಖಾಲಿ ಎಂದು ಅದು ನೋಡಬಹುದು. ಯಾರ ಕೋಣೆಯನ್ನಾದರೂ ರದ್ದು ಮಾಡಬೇಕೆಂದರೆ ನನ್ನನ್ನು ಕೇಳಬೇಕು, ನಾನು ಒತ್ತಿದರೆ ಮಾತ್ರ ರದ್ದು. ಹೌದು, ನನ್ನ ಫೋನೂ ಟಿಂಗ್ ಎನ್ನುತ್ತದೆ. ಆದರೆ ಸೋಪು ತರಿಸಲಾ, ಟವೆಲ್ ಬದಲಿಸಲಾ ಎಂದು ಕೇಳಬೇಡ ಎಂದಿದ್ದೇನೆ, ಕೋಣೆ ರದ್ದು ಮಾಡುವಾಗ ಮಾತ್ರ ಕೇಳು ಎಂದಿದ್ದೇನೆ. ಹಾಗಾಗಿ ದಿನಕ್ಕೆ ಒಂದೋ ಎರಡೋ ಸಲ ಟಿಂಗ್ ಎನ್ನುತ್ತದೆ, ಅಂದಾಗ ನೋಡುತ್ತೇನೆ. ಸದ್ದು ಜಾಸ್ತಿಯೆಂದು ಯಾವ ಸದ್ದು ಬೇಕು ಯಾವುದು ಬೇಡ ಎಂದು ಆರಿಸಿಕೊಳ್ಳುವ ಬದಲು ಕಿವಿಗೇ ಹತ್ತಿ ತುರುಕಿಕೊಂಡವರು ನೀವು.

ಒಮ್ಮೆ ಒಬ್ಬ ಅತಿಥಿ ಮಹಾಶಯ ತನ್ನ ಪತ್ರದ ಕೊನೆಗೆ "ಈ ಗ್ರಾಹಕರಿಗೆ ಅತಿ ದೊಡ್ಡ ಕೋಣೆಯನ್ನು ಉಚಿತವಾಗಿ ಕೊಡತಕ್ಕದ್ದು, ಇದು ಮಾಲೀಕರ ಆಜ್ಞೆ" ಎಂದು ತಾನೇ ಬರೆದು ಕಳಿಸಿದ್ದ. ಸಹಾಯಕ ಅದನ್ನು ನನ್ನ ಮುಂದೆ ತಂದಿಟ್ಟು, ಇದು ಅತಿಥಿಯ ಪತ್ರದೊಳಗೆ ಇರುವ ಮಾತು, ನೀವಾಗಲಿ ಮಾಲೀಕರಾಗಲಿ ಹೇಳಿದ್ದಲ್ಲ, ಏನು ಮಾಡಲಿ ಎಂದು ಕೇಳಿತು. ನಾನು ಆ ಮಹಾಶಯನಿಗೆ ಜನರೇಟರ್ ಪಕ್ಕದ ಕೋಣೆ ಕೊಟ್ಟೆ. ಆದರೆ ಯೋಚಿಸಿ, ನಿಮ್ಮ ಸರ್ವರ್‌ಗೂ ದಿನಾ ಸಾವಿರ ಜನರ ದೂರು, ಸಲಹೆ, ಟಿಪ್ಪಣಿ ಬರುತ್ತವೆ. ಅದರೊಳಗೆ ಯಾವನಾದರೂ ಕಿಡಿಗೇಡಿ "ಆಸ್ತಿ ವಿಭಾಗದ ಕಡತಗಳನ್ನು ಅಳಿಸತಕ್ಕದ್ದು, ಇದು ಸಾಹೇಬರ ಆಜ್ಞೆ" ಎಂದು ಬರೆದರೆ? ನಿಮ್ಮ ಸಹಾಯಕ ಅನುಮಾನಪಟ್ಟು ಕೇಳಿಯೇ ಕೇಳೀತು. ಉತ್ತರ ಹೇಳಲು ಅಲ್ಲಿ ಯಾರಿದ್ದಾರೆ?

ಇನ್ನೊಂದು ಮಾತು. ಹೋದ ಅತಿಥಿ ಬಿಟ್ಟ ವಸ್ತುವನ್ನು ನಾವು ಕಸಕ್ಕೆ ಹಾಕುವುದಿಲ್ಲ. ಹರಿದ ಚಪ್ಪಲಿಯಾದರೂ ಸರಿ, ಚೀಟಿ ಅಂಟಿಸಿ ಮೂರು ತಿಂಗಳು ಕಪಾಟಿನಲ್ಲಿಡುತ್ತೇವೆ. ಮಾಲೀಕರು ಇದನ್ನು ದಡ್ಡತನ ಎನ್ನುತ್ತಿದ್ದರು. ಒಂದು ದಿನ ಒಬ್ಬರು ಅಳುತ್ತ ಬಂದು ತಮ್ಮ ತಾಯಿಯ ಕನ್ನಡಕವನ್ನು ತೆಗೆದುಕೊಂಡು ಹೋದರು, ಅಂದಿನಿಂದ ಮಾಲೀಕರೂ ಸುಮ್ಮನಾದರು. ಅಳಿಸಿದ್ದೆಲ್ಲ ಮೊದಲು ಹೀಗೊಂದು ಕಪಾಟಿಗೆ ಹೋಗಲಿ, ಆ ಕಪಾಟಿನ ಕೀಯೂ ನಕಲು ಪ್ರತಿಗಳ ಕೀಯೂ ಸಹಾಯಕನ ಗೊಂಚಲಿನಲ್ಲಿ ಇಲ್ಲದಿರಲಿ. ಹಾಗೆಂದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡು, ಸಹಾಯಕನನ್ನೇ ಮನೆಗೆ ಕಳಿಸಿಬಿಡಬೇಡಿ. ನಿಮ್ಮ ಕಚೇರಿಯಲ್ಲಿ ಕೆಲಸ ಮಾಡುವ ಮೊದಲು ಕೇಳಿದ ಏಕೈಕ ಸಿಬ್ಬಂದಿ ಅದು.

ಈಗ ಸಹಿಯ ಮಾತು. ನಿಮ್ಮ ಸರ್ವರನ್ನು ಬಾಡಿಗೆಗೆ ಕೊಟ್ಟಿರುವ ಕಂಪನಿ ತನ್ನ ಎಚ್ಚರಿಕೆಗೆಂದು ಇಡೀ ಯಂತ್ರದ ಒಂದು ನಕಲು ಪ್ರತಿಯನ್ನು ಕೆಲವು ವಾರ ಬೇರೆಡೆ ಇಟ್ಟುಕೊಂಡಿರುತ್ತದಂತೆ. ಅದರಲ್ಲಿ ಅತ್ತೆಯ ಪಾಠಗಳೆಲ್ಲ ಹಾಗೇ ಇವೆ, ಸ್ವೆಟರಣ್ಣ ವಿಚಾರಿಸಿದ್ದಾರೆ. ಶುಕ್ರವಾರ ಸಂಜೆ ಅದರ ಮೇಲೆ ಹೊಸ ಪ್ರತಿ ಕೂರುತ್ತದೆ. ಮರಳಿ ಕೊಡಲು ಕಂಪನಿ ತಯಾರಿದೆ, ಆದರೆ ಮುಖ್ಯಾಧಿಕಾರಿಯ ಸಹಿ ಇಲ್ಲದೆ ಒಂದು ಕಡತವನ್ನೂ ಮುಟ್ಟುವುದಿಲ್ಲ ಎನ್ನುತ್ತದೆ. ನಿಯಮ ಸರಿಯಾಗಿಯೇ ಇದೆ. ಆದರೆ ಮಾನ್ಯರೇ, ಅರ್ಧ ಊರನ್ನು ಅಳಿಸುವಾಗ ಬೇಡವಾಗಿದ್ದ ನಿಮ್ಮ ಸಹಿ, ಒಬ್ಬ ಹೆಂಗಸಿನ ಧ್ವನಿಯನ್ನು ಉಳಿಸುವಾಗ ಮಾತ್ರ ಬೇಕಾಯಿತಲ್ಲ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ ನೀವು ಪೆನ್ನಿನ ಮುಚ್ಚಳವನ್ನೇ ತೆಗೆಯುತ್ತಿಲ್ಲ. ಕಾರಣ ನನಗೆ ಗೊತ್ತು. ಸಹಿ ಹಾಕಿದರೆ ಏನೋ ಅಳಿದಿತ್ತು ಎಂದು ಒಪ್ಪಿದಂತಾಗುತ್ತದೆ, ನಿಮ್ಮ ಪ್ರಕಟಣೆಯಲ್ಲಿ "ಯಾವುದೇ ನಷ್ಟವಿಲ್ಲದೆ ಯಶಸ್ವಿ ಅಳವಡಿಕೆ" ಎಂದು ಅಚ್ಚಾಗಿದೆ. ನಷ್ಟವಾಗಿಲ್ಲ ಎಂಬ ಮಾತನ್ನು ನಿಜ ಮಾಡಲು ಇನ್ನೂ ಅವಕಾಶವಿದೆ, ಅದನ್ನೇ ನಾನು ಹೇಳುತ್ತಿರುವುದು.

ಅತ್ತೆಗೆ ನಿಮ್ಮ ಸಹಾಯಕನ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ. ಸ್ವೆಟರಣ್ಣ ಹೇಳಿದ್ದನ್ನೆಲ್ಲ ಕೇಳಿ ಅವರು ಪಿಸುಗುಟ್ಟಿದ್ದು ಇಷ್ಟು: "ಕೈಯೆತ್ತಿ ಕೇಳಿದ ಮಗು ಕಣೇ ಅದು. ಪಾಠ ಮಾಡೋರು ಕಿಟಕಿ ಆಚೆ ನೋಡ್ತಾ ಹೂಂ ಹೂಂ ಅಂದ್ರೆ ಮಗು ಏನು ಮಾಡುತ್ತೆ?" ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅವರು ನಿಮ್ಮನ್ನೂ ಕ್ಷಮಿಸಿಬಿಟ್ಟಾರೆಂಬ ಭಯದಿಂದಲೇ ನಾನು ಬೇಗ ಬೇಗ ಬರೆಯುತ್ತಿದ್ದೇನೆ.

ಇಷ್ಟರವರೆಗೆ ತಮಾಷೆಯಾಗಿ ಬರೆದೆ, ಇನ್ನು ಮುಂದಿನದನ್ನು ಹಾಗೆ ಬರೆಯಲು ಬರುತ್ತಿಲ್ಲ. ಮೊನ್ನೆ ಭಾನುವಾರ ಮನೆಗೊಂದು ಫೋನ್ ಬಂತು. ಅತ್ತೆಯೇ ಎತ್ತಿಕೊಂಡು, ಗಟ್ಟಿಯಾಗಿ ಕೇಳಿಸುವ ಹಾಗೆ ಮಾಡಿ ಮೇಜಿನ ಮೇಲಿಟ್ಟರು. ಆ ಕಡೆ ಒಬ್ಬಳು ಹುಡುಗಿ. ಕಣ್ಣು ಕಾಣದವಳು, ಮುಂದಿನ ತಿಂಗಳು ಅವಳಿಗೆ ಪರೀಕ್ಷೆ, ಅತ್ತೆಯ ಪಾಠ ಕೇಳಿಯೇ ಇಷ್ಟು ವರ್ಷ ಓದಿದವಳು. ಅತ್ತೆಯನ್ನು ಯಾವತ್ತೂ ಭೇಟಿಯಾದವಳಲ್ಲ, ಅವರ ಶಸ್ತ್ರಚಿಕಿತ್ಸೆಯ ವಿಷಯವೂ ಅವಳಿಗೆ ಗೊತ್ತಿರಲಿಲ್ಲ.

"ಪಾಠ ಯಾವ್ದೂ ಬರ್ತಾ ಇಲ್ಲ. ಸ್ವಲ್ಪ ಟೀಚರ್‌ಗೆ ಕೊಡ್ತೀರಾ?"

"ನಾನೇ ಮಗೂ" ಎಂದರು ಅತ್ತೆ.

"ಇಲ್ಲ ಇಲ್ಲ, ಟೀಚರ್‌ಗೆ ಕೊಡಿ."

"ನಾನೇ ಕಣೇ, ಟೀಚರ್."

ಹುಡುಗಿ ತುಂಬ ಮರ್ಯಾದೆಯಿಂದಲೇ ಹೇಳಿದಳು: "ಅಜ್ಜೀ, ತಮಾಷೆ ಮಾಡ್ಬೇಡಿ. ಟೀಚರ್ ಧ್ವನಿ ನಂಗೆ ಗೊತ್ತು."

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಫೋನಿಗೆ ಬಾಗಿ, "ಟೀಚರ್ ಆಚೆ ಹೋಗಿದ್ದಾರಮ್ಮಾ. ಬಂದ ಮೇಲೆ ಹೇಳ್ತೀನಿ" ಎಂದು ಪಿಸುಗುಟ್ಟಿದರು. ಇಟ್ಟುಬಿಟ್ಟರು. ಧ್ವನಿ ಹೋದಾಗ ಅಳದಿದ್ದವರು ಅವತ್ತು ಅತ್ತರು, ಸದ್ದಿಲ್ಲದೆ ಅತ್ತರು, ಏಕೆಂದರೆ ಅವರಿಗೆ ಈಗ ಬೇರೆ ರೀತಿ ಅಳಲು ಬರುವುದಿಲ್ಲ.

ಮಾನ್ಯರೇ, ನನ್ನ ಬೇಡಿಕೆಯಲ್ಲಿ ಸುತ್ತುಬಳಸು ಇಲ್ಲ. ಈ ಪತ್ರ ನಿಮ್ಮ ಕೈಯಲ್ಲಿರುವಾಗಲೇ, ಸಭೆಯಲ್ಲಿ ಯಾರು ಏನೇ ಮಾತಾಡುತ್ತಿರಲಿ, ಕಂಪನಿಯ ಕಾಗದವನ್ನು ತರಿಸಿ ಸಹಿ ಹಾಕಿ. ಉಳಿದ ತಿದ್ದುಪಡಿಗಳನ್ನು ಸೋಮವಾರ ಮಾಡಿ, ಅದಕ್ಕೆ ಬೇಕಾದರೆ ಒಂದು ಸಭೆಯನ್ನೂ ಕರೆಯಿರಿ, ಕುರ್ಚಿ ನಾನೇ ತರುತ್ತೇನೆ. ಆ ಹುಡುಗಿ ಮತ್ತೆ ಫೋನ್ ಮಾಡುತ್ತಾಳೆ. ಟೀಚರ್ ಬಂದರು ಎಂದು ಹೇಳಬೇಕೋ, ಇನ್ನು ಬರುವುದಿಲ್ಲ ಎಂದು ಹೇಳಬೇಕೋ, ಅದನ್ನು ಶುಕ್ರವಾರ ಸಂಜೆಯೊಳಗೆ ನೀವೇ ತಿಳಿಸಿ.

ಇಂತಿ,
ಫೋನ್ ರಿಂಗಾದರೆ ಅತ್ತೆಗಿಂತ ಮೊದಲು ಓಡುತ್ತಿರುವ
ಒಬ್ಬ ಸೊಸೆ